ನಿಂತು ಬಡಿದ ರೊಟ್ಟಿ

"ಈ ಬ್ಯಾಗ್ ಯಾಕೆ ತಂದಿದ್ದೀರಿ?" ಎಂದು ಡಾಕ್ಟರ್ ಧಾತ್ರಿ ಕೇಳಿದಾಗ ಸುಂದ್ರವ್ವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. ಮೊಣಕಾಲ ಆಪರೇಷನ್‌ಗೆ ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಎರಡು ಸೀರೆ, ತಟ್ಟೆ, ಲೋಟ, ಹೊದಿಕೆ ಎಲ್ಲ ತುಂಬಿಕೊಂಡೇ ಅವಳು ಮುಂಬೈಯ ಜೋಗೇಶ್ವರಿಯಿಂದ ಅಂಧೇರಿಯ ಈ ದವಾಖಾನೆಗೆ ಆಟೋದಲ್ಲಿ ಬಂದಿದ್ದಳು.

"ಇವತ್ತ ಕೊಯ್ತೀರೋ ನಾಳಿಗೋ ಗೊತ್ತಿಲ್ರಿ. ಅದಕ್ಕ ತಯಾರಾಗೇ ಬಂದೀನಿ."

ಗಂಡ ಸಾಯಬಣ್ಣ ಮೇಲೆ ತಿರುಗುವ ಫ್ಯಾನ್ ನೋಡುತ್ತ ಕೂತ. ಮಗಳು ದಾನೇಶ್ವರಿ ನಗು ತಡೆಯಲಾರದೆ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಮೊಣಕಾಲನ್ನು ಅಲ್ಲಲ್ಲಿ ಒತ್ತಿದರು. "ಎಕ್ಸ್‌ರೇ ನೋಡಿದ್ರೆ ಸವೆತ ಅಷ್ಟೊಂದಿಲ್ಲ. ಮಂಡಿ ಮಾತ್ರ ಇಷ್ಟು ಊದಿದೆ. ಈ ವಾರ ಏನು ಮಾಡಿದ್ರಿ?"

ಸುಂದ್ರವ್ವ ಸೀರೆಯನ್ನು ಮೊಣಕಾಲ ಕೆಳಗೆ ಎಳೆದುಕೊಂಡಳು. ಮಗಳೇ ಗುಟ್ಟು ಒಡೆದಳು. "ಮೇಡಂ, ಅವ್ವ ನಾಲ್ಕ ದಿನದಾಗ ಆರನೂರ ಖಡಕ್ ರೊಟ್ಟಿ ಬಡದಾಳ, ನೆಲದ ಮ್ಯಾಲೆ ಕುಂತು. ಆಪರೇಷನ್ ಆದ್ರ ಗಿರಾಕಿಗೆ ಊಟ ಬೇಕಲ್ಲ, ಇಸ್‌ಲಿಯೇ."

ಗಿರಾಕಿಗಳೆಂದರೆ ಚಾಳಿನಲ್ಲಿರುವ ಅವಳ ಖಾನಾವಳಿಗೆ ಮಧ್ಯಾಹ್ನ ಉಣ್ಣಲು ಬರುವ ಇಪ್ಪತ್ತು ಮಂದಿ. ಎಲ್ಲರೂ ಕಲಬುರಗಿ, ಯಾದಗಿರಿ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಬಂದವರು. ಅನ್ನ ಎಲ್ಲಿ ಬೇಕಾದರೂ ಸಿಗುತ್ತಿತ್ತು. ಅವರು ಬರುತ್ತಿದ್ದದ್ದು ಅವಳ ಜೋಳದ ರೊಟ್ಟಿಗಾಗಿ.

ಧಾತ್ರಿ ನಕ್ಕರು. "ಆಪರೇಷನ್ ಈಗ ಬೇಡಮ್ಮ. ತೊಡೆ ಗಟ್ಟಿಯಾಗೋಕೆ ವ್ಯಾಯಾಮ ಹೇಳಿಕೊಡ್ತಾರೆ, ದಿನಾ ಮಾಡಿ. ಸ್ವಲ್ಪ ತೂಕ ಇಳಿಸಿ. ನೋವು ಜಾಸ್ತಿಯಾದ್ರೆ ಮಾತ್ರೆ, ಅದಕ್ಕೂ ಬಗ್ಗದಿದ್ರೆ ಇಂಜೆಕ್ಷನ್ ಕೊಡೋ ಯೋಚನೆ ಮಾಡೋಣ. ಮಂಡಿ ಬದಲಾಯಿಸೋದು ಬೇರೆ ಯಾವುದೂ ನಡೀದಿದ್ದಾಗ ಮಾತ್ರ. ಆದ್ರೆ ಇವತ್ತಿಂದ ನೆಲದ ಮೇಲೆ ಕೂತು ರೊಟ್ಟಿ ಮಾಡೋದು ಬಂದ್."

"ಅದಕ್ಕಿಂತ ಕೊಯ್ದೇ ಬಿಡ್ರಿ. ಹೊಸಾ ಮೊಣಕಾಲ ಹಾಕಿದ್ರ ಕೂಡ್ಲಿಕ್ಕ ಬರ್ತದಲ್ರಿ."

"ಹೊಸದು ಹಾಕಿದ್ರೂ ಚಕ್ಕಂಬಕ್ಕಳ ಹಾಕಿ ಗಂಟೆಗಟ್ಟಲೆ ಕೂರೋ ಹಾಗಿಲ್ಲಮ್ಮ."

ಕೊಯ್ದರೂ ನೆಲಕ್ಕೆ ಕೂರುವಂತಿಲ್ಲ, ಬಿಟ್ಟರೂ ಇಲ್ಲ. ನಿಂತು ಬಡಿದರೆ ರೊಟ್ಟಿ ಹದಕ್ಕೆ ಬರುವುದಿಲ್ಲ ಎಂಬುದು ಸುಂದ್ರವ್ವನ ಖಚಿತ ನಂಬಿಕೆ. ರೊಟ್ಟಿ ಕೆಟ್ಟರೆ ಆ ಇಪ್ಪತ್ತು ಮಂದಿ ಇನ್ನೊಂದು ಬಾಗಿಲು ಹುಡುಕುತ್ತಾರೆ, ಅವಳ ಖಾನಾವಳಿ ಮುಚ್ಚುತ್ತದೆ. ಬ್ಯಾಗು ಹೊತ್ತು ಮನೆಗೆ ವಾಪಸ್ಸಾಗುವಾಗ ಆಟೋದಲ್ಲಿ ಅವಳು ಆರುನೂರು ರೊಟ್ಟಿ ಎಷ್ಟು ದಿನಕ್ಕೆ ಸಾಕಾದೀತೆಂದು ಬೆರಳು ಮಡಿಸಿ ಎಣಿಸಿದಳು.

ಒಣಗಿಸಿಟ್ಟ ಖಡಕ್ ರೊಟ್ಟಿ ಎರಡು ವಾರ ಖಾನಾವಳಿಯನ್ನು ಕಾಪಾಡಿತು. ಅಷ್ಟರಲ್ಲಿ ಅವಳು ಮಂಚದ ಮೇಲೆ ಕಾಲು ಚಾಚಿ, ಮೊಣಕಾಲ ಕೆಳಗೆ ಟವೆಲ್ ಸುತ್ತಿಟ್ಟು ಒತ್ತುವುದನ್ನು ಕಲಿತಳು. ಊತ ಇಳಿಯಿತು. ಇತ್ತ ಗೌಂಡಿ ಸಾಯಬಣ್ಣ ಎರಡು ಭಾನುವಾರ ಕೂತು, ಗೋಡೆಗೆ ತಾಗಿಸಿ ಇಟ್ಟಿಗೆಯ ಕಟ್ಟೆ ಕಟ್ಟಿ, ಮೇಲೆ ಕರಿಕಲ್ಲು ಹಾಸಿದ. ಕೆಲಸವೇನೋ ಚೊಕ್ಕವಾಗಿತ್ತು. ಆದರೆ ಹಿಟ್ಟು ನಾದಿಕೊಂಡು ಅವಳು ಮುಂದೆ ನಿಂತಾಗ ಕಲ್ಲು ಮೊಣಕೈಗಿಂತ ಮೇಲೆ ಬಂತು. ಭುಜ ಎತ್ತಿ ಬಡಿದ ಮೊದಲ ರೊಟ್ಟಿ ನಡುವೆ ದಪ್ಪಗಾಗಿ, ಅಂಚಿನಲ್ಲಿ ಹರಿಯಿತು.

"ಅಳತಿ ಬರೋಬ್ಬರಿ ಅದ," ಎಂದ ಸಾಯಬಣ್ಣ. "ಮುಂಬೈದಾಗ ಎಷ್ಟೋ ಬಿಲ್ಡಿಂಗಿಗೆ ಅಡಿಗಿಮನಿ ಕಟ್ಟೀನಿ. ಒಬ್ಬರೂ ತಕರಾರ ತೆಗದಿಲ್ಲ."

"ಅವರೊಳಗ ಜ್ವಾಳದ ರೊಟ್ಟಿ ಬಡಿಯೋರು ಯಾರ ಅದಾರ, ಹೇಳ್ರಿ ನೋಡಾಮು."

ತಾನು ಕಟ್ಟಿದ್ದನ್ನು ತಾನೇ ಒಡೆದ ಉದಾಹರಣೆ ಸಾಯಬಣ್ಣನ ಜೀವಮಾನದಲ್ಲೇ ಇರಲಿಲ್ಲ, ಮೇಸ್ತ್ರಿಗಳೇ ಗದರಿದಾಗಲೂ ಜಗ್ಗಿದವನಲ್ಲ. ಅಂದು ಮಾತ್ರ ಚಹಾ ಕುಡಿದು ಮುಗಿಸಿ ಸುತ್ತಿಗೆ ಎತ್ತಿಕೊಂಡ. ಮೊದಲು ಹೆಂಡತಿಯನ್ನು ಗೋಡೆಗೆ ನಿಲ್ಲಿಸಿ, "ಕೈ ಇಳೀಬಿಡು, ಹಿಟ್ಟು ಒತ್ತಿದಂಗ ಮಾಡು," ಎಂದು ಅಂಗೈ ತಾಗಿದಲ್ಲಿ ಸೀಮೆಸುಣ್ಣದ ಗೆರೆ ಎಳೆದ. ಮುಂಬೈಯ ಬಿಲ್ಡಿಂಗುಗಳ ಅಳತೆಯೆಲ್ಲ ಬಾಯಿಪಾಠವಾಗಿದ್ದವನಿಗೆ ಹೆಂಡತಿಯ ಅಳತೆ ತಿಳಿದದ್ದು ಅಂದೇ. ಅವಳಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು. ಮೂರು ಸಾಲು ಇಟ್ಟಿಗೆ ಕಿತ್ತು ಕಲ್ಲನ್ನು ಇಳಿಸಿ, ಪಕ್ಕದಲ್ಲಿ ಗ್ಯಾಸ್ ಒಲೆಗೂ ಒಂದು ತಗ್ಗು ಮಾಡಿಕೊಟ್ಟ.

ಸೋಮವಾರ ಮಧ್ಯಾಹ್ನ ಇಪ್ಪತ್ತು ಮಂದಿಯೂ ಬಂದರು. ಎಲ್ಲರಿಗಿಂತ ಮುಂಚೆ ಬಂದು ಕೂತವನು ಶರಣಬಸಪ್ಪ, ಊಟದಲ್ಲಿ ಹುಳುಕು ಹುಡುಕದಿದ್ದರೆ ತಿಂದದ್ದು ಕರಗದ ಆಸಾಮಿ. ಸುಂದ್ರವ್ವ ಹಂಚಿನಿಂದ ಬಿಸಿ ರೊಟ್ಟಿ ತೆಗೆದು ಅವನ ತಟ್ಟೆಗೆ ಹಾಕಿ ಅಲ್ಲೇ ನಿಂತಳು. ಅವನು ರೊಟ್ಟಿ ಮಗುಚಿ ನೋಡಿದ, ಮುರಿದ, ಬದನೆಕಾಯಿ ಪಲ್ಯ ಸುತ್ತಿ ಬಾಯಿಗಿಟ್ಟ. ಅವಳು ಅವನ ದವಡೆ ಆಡುವುದನ್ನೇ ನೋಡಿದಳು.

"ಅಕ್ಕಾ, ಪಲ್ಯಾಕ ಉಪ್ಪ ಕಮ್ಮಿ ಆಗ್ಯಾದ."

"ಬ್ಯಾರೆ ಏನರ?"

"ಬ್ಯಾರೆ ಏನಿಲ್ಲ. ಇನ್ನೊಂದ ರೊಟ್ಟಿ ಹಾಕು."

ಈ ರೊಟ್ಟಿ ಹೇಗೆ ಬಡಿದದ್ದೆಂದು ಹೇಳಲು ದಾನೇಶ್ವರಿ ಬಾಯಿ ತೆರೆದಳು. ಸುಂದ್ರವ್ವ ಕಣ್ಣಲ್ಲೇ ಅವಳನ್ನು ಸುಮ್ಮನಾಗಿಸಿದಳು. ಉಪ್ಪಿನ ಡಬ್ಬಿಯನ್ನು ಶರಣಬಸಪ್ಪನ ಮುಂದಿಟ್ಟು, ಕಟ್ಟೆಯ ಹತ್ತಿರ ಹೋಗಿ ನಿಂತು, ಮುಂದಿನ ಉಂಡೆಯನ್ನು ಕೈಗೆತ್ತಿಕೊಂಡಳು.