ಬೆನ್ನ ಹಿಂದಿನ ಹಲಗೆ

“ಜಗ್ಗ್ರಿ! ಇನ್ನೂ ಬಿಗಿಯಾಗಿ ಜಗ್ಗ್ರಿ, ಶರೀರ ಮುಂದಕ್ಕ ಬಾಗಾಕತ್ತೈತಿ!”

ಕ್ರಿಯೆ ನಡೆಸಲು ಬಂದ ಅಯ್ಯನವರ ಆ ಕೂಗಿಗೆ ಅಂಬತ್ತೂರಿನ ಅಷ್ಟೂ ಕಾರ್ಖಾನೆಗಳ ಸೈರನ್ನುಗಳು ನಾಚಿ ಬಾಯಿ ಮುಚ್ಚಿಕೊಂಡವು. ಮುರಿಗೆಪ್ಪನ ಮಗ ಶಿವಕಿರಣ್ ಒಂದು ಕಡೆಯಿಂದ, ಎದುರು ಮನೆಯ ಬಾಬು ಇನ್ನೊಂದು ಕಡೆಯಿಂದ ಬಿಳಿ ವಸ್ತ್ರವನ್ನು ಜಗ್ಗಿ ಹಲಗೆಗೆ ಬಿಗಿದರು. ಮುರಿಗೆಪ್ಪ ಹಣೆ ತುಂಬ ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು, ಪದ್ಮಾಸನದಲ್ಲಿ ನೆಟ್ಟಗೆ ಕೂತ. ಬದುಕಿದ್ದ ಎಪ್ಪತ್ತೆರಡು ವರ್ಷಗಳಲ್ಲಿ ಅವನು ಅಷ್ಟು ನೆಟ್ಟಗೆ ಕೂತದ್ದನ್ನು ಕಂಡವರಿಲ್ಲ. ಯಾವಾಗ ನೋಡಿದರೂ ಯಾವುದೋ ಹಳೆಯ ಆಟಿಕೆಯ ಹೊಟ್ಟೆಯೊಳಗೆ ಮೂಗು ತೂರಿಸಿಕೊಂಡೇ ಇರುತ್ತಿದ್ದ.

ಕೂರಿಸಿ ಮಣ್ಣು ಮಾಡುವುದು ಅವರ ಪದ್ಧತಿ. ಮೈ ಸೆಟೆಯುವ ಮೊದಲೇ ಕೂರಿಸಬೇಕು. ಬಾಡಿಗೆಗೆ ಕೊಡುವವರು ತಂದದ್ದು ಹೆಣ ಮಲಗಿಸುವ ಐಸ್ ಪೆಟ್ಟಿಗೆ. “ಉಕ್ಕಾರ ವೆಚ್ಚಾ, ಸಾರ್?” ಎಂದು ತಮಿಳಿನಲ್ಲಿ ಕೇಳಿ, ಹೆಣವನ್ನು ಕೂರಿಸುವುದುಂಟೇ ಎಂಬಂತೆ ಅವರು ಕಣ್ಣುಕಣ್ಣು ಬಿಟ್ಟರು. ಬೆನ್ನಿಗೆ ಆನಿಕೆ ಕೊಡೋಣವೆಂದರೆ ಮೂರು ಕೋಣೆಯ ಆ ಫ್ಲಾಟಿನಲ್ಲಿ ಒಂದು ಹಲಗೆ ಸಿಗಲಿಲ್ಲ. ಕೊನೆಗೆ ಹೆಂಡತಿ ಕಲ್ಯಾಣಮ್ಮನೇ ಅಟ್ಟದ ಕಡೆ ಕೈ ತೋರಿಸಿದ್ದಳು. “ಅದನ್ನ ಇಳಸ್ರಿ.”

ಅದು ಬ್ಯಾಗಟೆಲ್ ಹಲಗೆ. ಮೂರಡಿ ಉದ್ದದ ತೇಗ, ಅರವತ್ತಮೂರು ಹಿತ್ತಾಳೆ ಮೊಳೆ, ಮೊಳೆಗಳ ನಡುವೆ ಅಂಕಿ ಬರೆದ ಗುಂಡಿಗಳು, ಮೇಲೊಂದು ಗಾಜಿನ ಮುಚ್ಚಳ, ಒಳಗೆ ಏಳು ನೀಲಿ ಗಾಜಿನ ಗೋಲಿ. ಬದಿಯ ಸ್ಪ್ರಿಂಗ್ ಕಡ್ಡಿ ಎಳೆದು ಬಿಟ್ಟರೆ ಗೋಲಿ ಮೇಲಕ್ಕೆ ಚಿಮ್ಮಿ, ಮೊಳೆಯಿಂದ ಮೊಳೆಗೆ ತಾಕುತ್ತ ಇಳಿದು ಯಾವುದಾದರೂ ಗುಂಡಿಗೆ ಬೀಳಬೇಕು. ನಟ್ಟನಡುವಿನದು ಸಾವಿರದ ಗುಂಡಿ. ಗಡಿಬಿಡಿಯಲ್ಲಿ ಅದನ್ನು ತಲೆಕೆಳಗಾಗಿ ಕಟ್ಟಿಬಿಟ್ಟಿದ್ದರು. ಕಲ್ಯಾಣಮ್ಮನೊಬ್ಬಳು ನೋಡಿದಳು, ಆಗ ಸುಮ್ಮನಿದ್ದಳು.

ಹತ್ತು ಗಂಟೆಗೆ ಕಡಲ ದಂಡೆಯ ಬೆಸೆಂಟ್ ನಗರದಿಂದ ಸತ್ಯನಾರಾಯಣ ಬಂದ. ಹಳೆಯ ಆಟಿಕೆಗಳ ಸಂಗ್ರಾಹಕ. ಅವನ ಮನೆಯ ಆಟಿಕೆಗಳನ್ನು ದಡದಲ್ಲಿ ಹರಡಿದರೆ ಜಾಗ ಸಾಲದೆ ಸಮುದ್ರವೇ ಹಿಂದೆ ಸರಿಯಬೇಕು. ಒಂದು ಕೈಯಲ್ಲಿ ಸೇವಂತಿಗೆ ಹಾರ, ಇನ್ನೊಂದು ಕಂಕುಳಲ್ಲಿ ಹೊಸ ಪ್ಲೈವುಡ್ ತುಂಡು. ಹಾರ ಹಾಕುವಾಗಲೂ ಅವನ ಕಣ್ಣು ಸತ್ತವನ ಮುಖದ ಮೇಲಿರಲಿಲ್ಲ, ಬೆನ್ನ ಹಿಂದಿತ್ತು.

“ಪ್ಲೈವುಡ್ ಯಾಕ್ರಿ?” ಎಂದಳು ಕಲ್ಯಾಣಮ್ಮ.

“ಶಿವಕಿರಣ್ ಫೋನಲ್ಲಿ ಹೇಳಿದ್ರಮ್ಮ, ಅರ್ಜೆಂಟಿಗೆ ಆ ಬೋರ್ಡ್ ಕಟ್ಬಿಟ್ಟಿದೀವಿ ಅಂತ. ಪರವಾಗಿಲ್ಲ, ಬದಲಾಯಿಸ್ಕೋಬಹುದು. ಇದು ಒಳ್ಳೇ ಕ್ವಾಲಿಟಿ. ನೀರು ಬಿದ್ರೂ ಏನೂ ಆಗಲ್ಲ.”

ಮುಂಜಾನೆಯಿಂದ ಕಲ್ಯಾಣಮ್ಮ ಸುರಿಸಿದ ಕಣ್ಣೀರು ಒಂದು ಕೆರೆ ತುಂಬುವಷ್ಟಿತ್ತು. ಅದೆಲ್ಲ ಆ ಮಾತಿಗೆ ಕುದಿದು ಆವಿಯಾಯಿತು.

“ಶಿವಕಿರಣಾ!”

“ಅವ್ವಾ, ಕೊಂಜಂ ಮೆಲ್ಲಗ. ಮಂದಿ ಐತಿ. ಅವರು ಮ್ಯೂಸಿಯಂ ಮಾಡಾಕತ್ತಾರ. ಬೋರ್ಡಿನ ಕೆಳಗ ಅಪ್ಪನ ಹೆಸರು ಬರಸ್ತಾರಂತ. ನಾ ಮಾತು ಕೊಟ್ಟೀನಿ.”

“ಯಾವಾಗ ಕೊಟ್ಟಿ?”

“ಮುಂಜಾನೆ.”

“ಮೈ ತಣ್ಣಗಾಗಿತ್ತೋ, ಇನ್ನೂ ಬೆಚ್ಚಗಿತ್ತೋ?”



*

ಆ ಹಲಗೆ ಮನೆಗೆ ಬಂದದ್ದು ಇಪ್ಪತ್ತು ವರ್ಷದ ಹಿಂದೆ, ಮೀನುಗಾರರ ಬಂದರು ಕಾಸಿಮೇಡಿನ ಗುಜರಿ ಅಂಗಡಿಯಿಂದ. ಯಾವುದೋ ಹಡಗಿನ ಕಪ್ತಾನನದಂತೆ. ಮುರಿಗೆಪ್ಪನ ಬಾಯಲ್ಲಿ ಆ ಕಪ್ತಾನ ಮೊದಲ ವಾರ ಬರೀ ಇಂಗ್ಲಿಷಿನವನಾಗಿದ್ದ, ಎರಡನೆಯ ವಾರಕ್ಕೆ ರಾಣಿಯ ಸೋದರಮಾವನಾದ. ಹಲಗೆಗೆ ಅಂಟಿದ ಮೀನಿನ ವಾಸನೆಗೆ ಇಡೀ ಅಂಬತ್ತೂರಿನ ಬೆಕ್ಕುಗಳು ಒಂದು ತಿಂಗಳು ಬಾಗಿಲಲ್ಲಿ ಧರಣಿ ಕೂತವು.

“ಲಿಂಗವಂತರ ಮನ್ಯಾಗ ಮೀನಿನ ವಾಸನಿ! ನನ್ನ ತವರಿನವರಿಗೆ ಗೊತ್ತಾದ್ರ ನೀರು ಸೈತ ಮುಟ್ಟೂದಿಲ್ಲ!” ಎಂದು ಬೈಯುತ್ತಲೇ ಕಲ್ಯಾಣಮ್ಮ ಅದನ್ನು ಸೀಗೆಪುಡಿ ಹಾಕಿ ಏಳು ಸಲ ತಿಕ್ಕಿದಳು.

ಒಳಗೆ ಒಂದು ಮೊಳೆಯೂ ಉಳಿದಿರಲಿಲ್ಲ, ಎಲ್ಲ ತುಕ್ಕು. ಮುರಿಗೆಪ್ಪ ಕಾರ್ಖಾನೆಯಲ್ಲಿ ಟರ್ನರ್. ಪಾಳಿ ಮುಗಿದ ಮೇಲೆ ಮೇಸ್ತ್ರಿಯ ಕೈಕಾಲು ಹಿಡಿದು ಲೇತಿನ ಮುಂದೆ ನಿಂತು ಒಂದೊಂದೇ ಮೊಳೆ ಕಡೆದ. ಆರು ತಿಂಗಳಿಗೆ ಅರವತ್ತಮೂರು. ಆಮೇಲೆ ಪ್ರತಿ ಸಂಜೆ ಆಡಿ ಮುಗಿಸಿ ಅಡಿಗೆಮನೆಗೆ ಕೇಳುವಂತೆ ಸಾರುತ್ತಿದ್ದ: “ಇವತ್ತು ಏಳಕ್ಕ ಏಳೂ ಸಾವಿರದ ಗುಂಡಿಗೇ!”

ಆ ಗುಂಡಿಗೆ ಹಿಡಿಯುವುದು ಒಂದೇ ಗೋಲಿ.

“ನಿಮ್ಮ ಸುಳ್ಳಿಗೆ ಗಾಜು ಒಡೀಬೇಕು,” ಎಂದಳು ಕಲ್ಯಾಣಮ್ಮ ಒಂದು ದಿನ. “ಹೋಗುವಾಗ ಇದನ್ನ ಬೆನ್ನಿಗೆ ಕಟ್ಕೊಂಡ ಹೋಗ್ರಿ!”

“ಆತು,” ಎಂದು ನಕ್ಕ ಅವನು. “ಮರತಗಿರತಿ ನೋಡು ಮತ್ತ.”

*

“ಅಪ್ಪಗ ಇವರು ಎಷ್ಟು ಮರ್ಯಾದಿ ಮಾಡಿದ್ರು, ನೆನಪಿಲ್ಲೇನು?” ಶಿವಕಿರಣ್ ಪಿಸುಗುಟ್ಟಿದ. “ಬೆಸೆಂಟ್ ನಗರದ ಎಕ್ಸಿಬಿಷನ್‌ದಾಗ, ಈ ಬೋರ್ಡ್ ಇಟ್ಟಾಗ. ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರಂತ. ಅಪ್ಪನೇ ಹೇಳಿದ್ದು.”

ಕಲ್ಯಾಣಮ್ಮ ಎಂಟು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂತು.

“ಚಪ್ಪಾಳಿ ಹೊಡದ್ರು, ಖರೇ. ನಿಮ್ಮಪ್ಪಗಲ್ಲ, ಇವರಿಗೆ ಹೊಡದ್ರು! ‘ಈ ಬೋರ್ಡನ್ನ ನಾನೇ ರಿಪೇರಿ ಮಾಡಿದ್ದು’ ಅಂತ ಮೈಕಿನಾಗ ಹೇಳಿದ್ರಲ್ಲ, ಅದಕ್ಕ. ನಿಮ್ಮಪ್ಪ ಒಳಗ ಹೋಗಾಕ ಹೋದ್ರ ಗೇಟಿನವ ತಡದ. ಸಾಮಾನು ತಂದವರು ಹಿಂದಿನ ಬಾಗಲಾಗ ನಿಲ್ಲಬೇಕಂತ. ಇವರು ಒಳಗಿಂದ ನೋಡಿದ್ರು. ನೋಡಿ ಮುಖ ತಿರುವಿದ್ರು. ನಾವಿಬ್ಬರೂ ಬೀಚಿನಾಗ ಕುಂತು ಕಡಲಿ ಸುಂಡಲ್ ತಿಂದು, ಸಂಜಿಕಡೆ ಹಲಗಿ ಹೊತ್ಕೊಂಡು ಬಸ್ ಹತ್ತಿದ್ವಿ. ಬಸ್ಸಿನಾಗ ನಿಮ್ಮಪ್ಪ ಏನಂದ್ರು ಗೊತ್ತೈತೇನು? ‘ಹುಡುಗಗ ಹೇಳಬ್ಯಾಡ. ನಾ ಬ್ಯಾರೆ ಹೇಳತೀನಿ’ ಅಂದ್ರು.”

ಅಳುತ್ತಿದ್ದವರು ಅಳು ನಿಲ್ಲಿಸಿದರು. 

“ಅಯ್ಯೋ, ಅದು ಏನೋ ಕನ್‌ಫ್ಯೂಷನ್ ಆಗಿ...” ಎಂದ ಸತ್ಯನಾರಾಯಣ.

ಶಿವಕಿರಣ್ ಅವನನ್ನು ನೋಡಲಿಲ್ಲ. ಅಪ್ಪನ ಪಕ್ಕ ಮೊಣಕಾಲೂರಿ, ವಸ್ತ್ರದ ಗಂಟನ್ನು ಇನ್ನೊಂದು ಸುತ್ತು ಬಿಗಿದ.

*

ರುದ್ರಭೂಮಿಯವರೆಗೂ ಪ್ರತಿ ಸ್ಪೀಡ್ ಬ್ರೇಕರಿಗೆ ಮುರಿಗೆಪ್ಪನ ಬೆನ್ನ ಹಿಂದೆ ಗೋಲಿಗಳು ಗಲಗಲ ಅಂದವು. ಅಂಬತ್ತೂರಿನಲ್ಲಿ ರಸ್ತೆಗಿಂತ ಸ್ಪೀಡ್ ಬ್ರೇಕರುಗಳೇ ಜಾಸ್ತಿ. ವ್ಯಾನಿನ ಹಿಂದೆ ಸತ್ಯನಾರಾಯಣನ ಕಾರೂ ಬಂತು. ಅವನಿನ್ನೂ ಆಸೆ ಬಿಟ್ಟಿರಲಿಲ್ಲ. ಗುಣಿಗೆ ಇಳಿಸುವಾಗ ಹಲಗೆ ಬಿಚ್ಚುತ್ತಾರೆಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದ.

ಅಯ್ಯನವರು ಗುಣಿಯೊಳಗೆ ನಿಂತು ಬಿಚ್ಚಿಯೂ ಬಿಚ್ಚಿದರು. “ಹಲಗಿ ಮ್ಯಾಲ ತಗೋರಿ.”

ಸತ್ಯನಾರಾಯಣ ಎರಡೂ ಕೈ ಚಾಚಿದ.

“ಮ್ಯಾಲ ಬ್ಯಾಡ,” ಎಂದಳು ಕಲ್ಯಾಣಮ್ಮ. “ಅಲ್ಲೇ ಇಡ್ರಿ, ಅವರ ಬಾಜೂಕ.”

“ತಾಯಿ, ಗುಣಿಯಾಗ ಹಲಗಿ ಇಡೂದು ಶಾಸ್ತ್ರದಾಗ ಇಲ್ಲ.”

“ಹೆಣದ ಬೆನ್ನಿಗೆ ಕಟ್ಟಿದ ಹಲಗಿಗೆ ಗಿರಾಕಿ ಬರೂದು ಶಾಸ್ತ್ರದಾಗ ಐತೇನ್ರಿ?”

ನಾಲ್ಕು ಆಗಮ ಕಂಠಪಾಠ ಇದ್ದ ಅಯ್ಯನವರು ಒಮ್ಮೆ ಮೇಲೆ ಚಾಚಿದ್ದ ಕೈಗಳನ್ನು ನೋಡಿದರು, ಒಮ್ಮೆ ಮುರಿಗೆಪ್ಪನ ಮುಖ ನೋಡಿದರು. ಹಲಗೆಯನ್ನು ಅವನ ಬಲಕ್ಕೆ ಗೋಡೆಗೆ ಒರಗಿಸಿದರು.

“ಅದು ತಲಿಕೆಳಗ ಐತ್ರಿ. ನೆಟ್ಟಗ ಮಾಡ್ರಿ.”

ಅಯ್ಯನವರು ಹಲಗೆಯನ್ನು ತಿರುಗಿಸಿ ನಿಲ್ಲಿಸಿದರು. ಮೇಲೆ ಹೋದ ಏಳೂ ಗೋಲಿ ಒಟ್ಟಿಗೆ ಉರುಳಿದವು. ಟಿಣ್, ಟಿಣ್, ಟಿಣ್, ಅರವತ್ತಮೂರು ಮೊಳೆಗಳಲ್ಲಿ ಒಂದನ್ನೂ ಬಿಡದೆ. ಹಾರೆಯವನು ಹಾರೆ ಹಿಡಿದೇ ನಿಂತ. ಬೇವಿನ ಮರದ ಕಾಗೆಗಳೂ ಕತ್ತು ಬಾಗಿಸಿದವು. ಆರು ಗೋಲಿಗಳು ಯಾವ ಗುಂಡಿಗೂ ಬೀಳದೆ ಸೀದಾ ತಳಕ್ಕೆ ಹೋಗಿ ಸಾಲಾಗಿ ಕೂತವು. ಏಳನೆಯದು ಸಾವಿರದ ಗುಂಡಿಯ ನೆತ್ತಿಯ ಮೇಲೆ, ಎರಡು ಮೊಳೆಗಳ ಸಂದಿನಲ್ಲಿ ತಡೆದು, ನಡುಗುತ್ತ ನಿಂತಿತು.

ಸತ್ಯನಾರಾಯಣ ತುದಿಗಾಲಲ್ಲಿ ನಿಂತು ಬಗ್ಗಿದ. 

“ನೋಡ್ಕೋತ ನಿಂತೀರೇನು?” ಎಂದಳು ಕಲ್ಯಾಣಮ್ಮ. “ಹಾಕ್ರಿ ಮಣ್ಣು. ಅದು ಬೀಳೂದರೊಳಗ ಲಗೂನ ಹಾಕ್ರಿ.”

ಅಯ್ಯನವರು ಮೇಲೆ ಬಂದರು. ಮೊದಲ ಹಿಡಿ ವಿಭೂತಿ ಅವಳೇ ಎಸೆದಳು. ಅದು ಮುರಿಗೆಪ್ಪನ ಹೆಗಲ ಮೇಲೂ ಗಾಜಿನ ಮೇಲೂ ಬಿತ್ತು. ಬಿಳಿಯ ಆ ಮಸುಕಿನ ಹಿಂದೆ ನೀಲಿ ಚುಕ್ಕೆಯೊಂದು, ಅತ್ತ ಬೀಳದೆ ಇತ್ತ ಬೀಳದೆ, ಮಣ್ಣು ಮುಚ್ಚುವವರೆಗೂ ಅಲ್ಲೇ ಇತ್ತು.