ಅತ್ತೆಯ ಬಸ್ಸಿಗೆ ಬೇಕಾದ ಭಾಗ

ಅತ್ತೆಯ ಬಸ್ಸು ಬೆಟ್ಟದ ದಾರಿಯ ಮೂರನೇ ತಿರುವಿಗೆ ಬಂದರೆ ಸಾಕು, ಮೊಂಡು ಎತ್ತಿನ ಹಾಗೆ ನಿಂತುಬಿಡುತ್ತಿತ್ತು. ಒಂದು ಗಳಿಗೆ ಕಲ್ಲಾಗಿ, ಮರುಗಳಿಗೆ ನಾಲ್ಕು ಮಾರು ಮುಂದಕ್ಕೆ ಜಿಗಿದು, ಮುಂದಿನ ಬಸ್ಸಿನ ಬೆನ್ನಿಗೆ ಹಣೆ ಹಚ್ಚುವಷ್ಟು ಹತ್ತಿರ ಹೋಗುತ್ತಿತ್ತು. ಪುಣ್ಯಕ್ಕೆ ಆ ಬಸ್ಸು, ಆ ಬೆಟ್ಟ, ಒಳಗೆ ಕೂತ ನಲವತ್ತೆರಡು ಪ್ರಯಾಣಿಕರು ಎಲ್ಲ ಇದ್ದದ್ದು ಹಿಂದಿನ ಕೋಣೆಯ ಕಂಪ್ಯೂಟರಿನಲ್ಲಿ.

ಅತ್ತೆ ಇಪ್ಪತ್ತೆಂಟು ವರ್ಷ ನಿಜವಾದ ಬಸ್ಸು ಓಡಿಸಿ ನಿವೃತ್ತರಾದವರು. ಬೀಳ್ಕೊಡುವ ದಿನ ಡಿಪೋದವರೆಲ್ಲ ಸೇರಿ ಈ ಕಂಪ್ಯೂಟರನ್ನೂ ಅದಕ್ಕೊಂದು ಸ್ಟೇರಿಂಗನ್ನೂ ಉಡುಗೊರೆ ಕೊಟ್ಟಿದ್ದರು. ಬಸ್ಸು ಓಡಿಸುವ ಆಟ ಚೆನ್ನಾಗಿ ಓಡಲೆಂದು ಒಳಗೆ ಪರದೆಯ ಚಿತ್ರ ಬರೆಯುವ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಕಂಪ್ಯೂಟರಿನ ಡಬ್ಬದ ಪಕ್ಕದಲ್ಲಿ ಎಲ್ಲರೂ ಸಹಿ ಮಾಡಿ, 'ಮುಂದಿನ ಬಸ್ಸು ನಿಮ್ಮದೇ' ಎಂದು ಬರೆದಿದ್ದರು. ಅಂದಿನಿಂದ ಪ್ರತಿ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಅತ್ತೆಯೂ ಸೇರಿ ಐದು ಜನ ಹಳೆಯ ಡ್ರೈವರುಗಳು, ಅವರವರ ಮನೆಯಲ್ಲಿ ಕೂತುಕೊಂಡು, ಇಂಟರ್ನೆಟ್ಟಿನಲ್ಲಿ ಮಾತಾಡಿಕೊಳ್ಳುತ್ತ, ಸಾಲಾಗಿ ಬಸ್ಸು ಓಡಿಸುತ್ತಿದ್ದರು. ಎಲ್ಲರಿಗಿಂತ ಮುಂದೆ ಅತ್ತೆಯ ಬಸ್ಸು. ಅಪಘಾತ ಎಷ್ಟು ಎಂದು ತೋರಿಸುವ ಮೂಲೆಯಲ್ಲಿ ಅವರ ಹೆಸರಿನ ಎದುರು ದುಂಡಗಿನ ಸೊನ್ನೆ. ಅವರ ನಿಜವಾದ ಕೆಲಸದ ದಾಖಲೆಯಲ್ಲೂ ಅದೇ ಇತ್ತು.

ಮೂರು ತಿಂಗಳ ಹಿಂದೆ, ಕೋಣೆಗೆ ಬಣ್ಣ ಬಳಿಸಿದ ಸುಮಾರಿಗೆ, ಚಿತ್ರ ತಡವರಿಸತೊಡಗಿತು. ಆ ಐವರಲ್ಲಿ ಒಬ್ಬನಿಗೆ ಮೀಸೆ ಎಂದು ಹೆಸರು. ಮೀಸೆ ಬೋಳಿಸಿ ಹತ್ತು ವರ್ಷವಾದರೂ ಹೆಸರು ಉಳಿದುಕೊಂಡಿತ್ತು. ಅವನು ಮೊದಲ ಭಾನುವಾರವೇ ಬಹಳ ವಿನಯದಿಂದ, "ಅಕ್ಕಾ, ಸ್ವಲ್ಪ ದಿನ ನೀವು ಹಿಂದ್ಗಡೆಯಿಂದ ಬನ್ನಿ" ಎಂದ. ಬೈದಿದ್ದರೆ ಅತ್ತೆ ತಡೆದುಕೊಳ್ಳುತ್ತಿದ್ದರು. ಆ ವಿನಯ ಎದೆಗೆ ನಾಟಿತು. ಮೂರು ತಿಂಗಳು ಹೀಗೇ ಕಳೆದ ಮೇಲೆ, ಬರುವ ಭಾನುವಾರ ಬೆಟ್ಟವನ್ನು ತಡವರಿಸದೆ ಹತ್ತಿದವರದೇ ಇನ್ನು ವರ್ಷಪೂರ್ತಿ ಮುಂದಿನ ಬಸ್ಸು ಎಂದು ಮಾತಾಯಿತು.

ಕಂಪ್ಯೂಟರಿನ ಒಂದೇ ಒಂದು ಭಾಗ ಬದಲಾಯಿಸುವಷ್ಟು ದುಡ್ಡು ಅತ್ತೆಯ ಕೈಯಲ್ಲಿತ್ತು. ಯಾವ ಭಾಗ ಎನ್ನುವುದಕ್ಕೆ ಮನೆಯಲ್ಲಿ ವಾರವಿಡೀ ಚರ್ಚೆ ನಡೆಯಿತು.

ಮಗಳು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುವವಳು. ರ‍್ಯಾಮ್ ಹೆಚ್ಚಿಸಿದ ಮೇಲೆ ಸ್ಟುಡಿಯೋದ ಕಂಪ್ಯೂಟರು ಕುದುರೆಯಾಯಿತಂತೆ. ಅಲ್ಲಿಂದೀಚೆಗೆ ಯಾರಿಗೆ ಸೊಂಟ ಹಿಡಿದರೂ ಅವಳು ರ‍್ಯಾಮ್ ಹಾಕಿಸಿ ಎನ್ನುವ ಹಂತಕ್ಕೆ ಬಂದಿದ್ದಳು. ಕಂಪ್ಯೂಟರ್ ಅಂಗಡಿಯವನು ಗ್ರಾಫಿಕ್ಸ್ ಕಾರ್ಡನ್ನೇ ಬದಲಾಯಿಸಿ ಎಂದ. ಹೊಸ ಕಾರ್ಡು ಕರೆಂಟು ಜಾಸ್ತಿ ಕುಡಿಯುತ್ತದೆ, ಹಾಗಾಗಿ ಪವರ್ ಸಪ್ಲೈ ಕೂಡ ಎಂದ. ಕಾರ್ಡು ಉದ್ದ, ಹಾಗಾಗಿ ಡಬ್ಬ ಕೂಡ. ಡಬ್ಬ ಹೊಸದಾದ ಮೇಲೆ ಒಳಗಿನ ಬೋರ್ಡು ಹಳೆಯದಿದ್ದರೆ ಏನು ಚೆಂದ ಎಂದ. ಕೊನೆಗೆ ಉಳಿದದ್ದು ಮೌಸ್ ಕೆಳಗಿನ ಚಾಪೆ. ಅದನ್ನು ಮಾತ್ರ ಇಟ್ಟುಕೊಳ್ಳಿ ಎಂದು ದೊಡ್ಡ ಮನಸ್ಸು ಮಾಡಿದ. ಹಾರ್ನ್ ಕೆಟ್ಟಿದೆ ಎಂದು ಹೋದವರಿಗೆ ಬಸ್ಸೇ ಕಟ್ಟುವ ಆಸಾಮಿ ಎಂದು ಅತ್ತೆ ಮನೆಗೆ ಬಂದು ಹೇಳಿದರು. ಆದರೂ ಮೀಸೆ ಹೊಸ ಕಾರ್ಡು ಹಾಕಿಸಿದ್ದಾನೆಂದು ಗೊತ್ತಾದ ಮೇಲೆ ಅವರ ಮನಸ್ಸು ಕಾರ್ಡಿನ ಕಡೆಗೇ ವಾಲಿತು. ಹಳೆಯ ಕಾರ್ಡನ್ನು ಅಂಗಡಿಯವನು ಗುಜರಿಗೆ ತೆಗೆದುಕೊಳ್ಳುವುದೆಂದೂ ಆಯಿತು.

ಉಳಿದವನು ಅಳಿಯ. ಅವನು ನಲ್ಲಿ ರಿಪೇರಿಯವನು. ಅವನು ಕೈಯಿಟ್ಟ ಪೈಪು ಸೋರಿದ್ದೇ ಇಲ್ಲ ಎಂದು ನಾಲ್ಕು ಬೀದಿಯಲ್ಲಿ ಹೆಸರು. ಬಾಯಿ ತೆರೆದ ಪೈಪು ಕಂಡರೆ ಅವನಿಗೆ ಆಗದು; ಜೇಬಿನಲ್ಲಿ ಯಾವಾಗಲೂ ಒಂದು ಹಿಡಿ ರಬ್ಬರ್ ಬಿರಡೆ. ನೆಂಟರ ಮನೆಗೆ ಊಟಕ್ಕೆ ಹೋದರೂ, ಕೈ ತೊಳೆಯುವಲ್ಲಿ ಖಾಲಿ ತೂತು ಕಂಡರೆ ಅದಕ್ಕೊಂದು ಒತ್ತಿಯೇ ಎಲ್ಲರ ಜೊತೆ ಕೂರುತ್ತಿದ್ದ.

"ನಲ್ಲೀಲಿ ನೀರು ಬರ್ಲಿಲ್ಲ ಅಂತ ಯಾರಾದ್ರೂ ಟ್ಯಾಂಕ್ ಬದಲಾಯಿಸ್ತಾರಾ ಅತ್ತೆ? ಎಲ್ಲಿ ಕಟ್ಕೊಂಡಿದೆ ಅಂತ ಮೊದ್ಲು ನೋಡ್ಬೇಕು" ಎಂದ.

"ನೋಡಿ ಅಳಿಯಂದ್ರೇ, ಬೇಡ ಅಂದೋರು ಯಾರು? ಶನಿವಾರ ಸಂಜೆ ನಾನು ಅಂಗಡಿಗೆ ಹೋಗೋದ್ರೊಳಗೆ ನೋಡಿ."

ಶನಿವಾರ ಮಧ್ಯಾಹ್ನ ಅತ್ತೆ ಮಲಗಿದ್ದಾಗ ಅವನು ಕೋಣೆಗೆ ಬಂದ. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ನೋಡಲು ಯಾವ ಯಾವ ಗುಂಡಿ ಒತ್ತಬೇಕೆಂದು ಹೆಂಡತಿ ಹಳೆಯ ಲಕೋಟೆಯ ಹಿಂದೆ ಬರೆದುಕೊಟ್ಟಿದ್ದಳು. ಆದರೆ ಬಸ್ಸು ಬೆಟ್ಟ ಹತ್ತುತ್ತಿರುವಾಗಲೇ ನೋಡಬೇಕು. ಓಡಿಸುವವರು ಬೇರೆ ಯಾರೂ ಇಲ್ಲ. ಸ್ಟೇರಿಂಗ್ ಅವನೇ ಹಿಡಿದ. ಒಂದು ಕಣ್ಣು ರಸ್ತೆಯ ಮೇಲೆ, ಇನ್ನೊಂದು ಅಂಕಿಗಳ ಮೇಲೆ. ಪ್ರೊಸೆಸರ್ ಅರ್ಧಕ್ಕರ್ಧ ಆರಾಮಾಗಿತ್ತು. ರ‍್ಯಾಮಿನಲ್ಲೂ ಬೇಕಾದಷ್ಟು ಜಾಗವಿತ್ತು. ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತಿರುವಾಗ ಎರಡನೇ ತಿರುವು ಬಂತು. ಚಿತ್ರ ಬರೆಯುವ ಭಾಗಗಳು ಎರಡಿದ್ದವು. ಪ್ರೊಸೆಸರಿನ ಒಳಗೇ ಇರುವ ಚಿಕ್ಕದು ನೂರಕ್ಕೆ ನೂರು ದುಡಿದು ಏದುಸಿರು ಬಿಡುತ್ತಿತ್ತು. ಡಿಪೋದವರು ಹಾಕಿಸಿಕೊಟ್ಟ ದೊಡ್ಡ ಕಾರ್ಡಿನ ಎದುರು ಸೊನ್ನೆ. ಅದು ಕಾಲು ಚಾಚಿ ಮಲಗಿತ್ತು. ಆ ಸೊನ್ನೆಯನ್ನು ಅವನು ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಬಸ್ಸು ತಡೆಗೋಡೆ ಹಾರಿ ಕಣಿವೆಗೆ ಇಳಿಯಿತು.

ಬಸ್ಸನ್ನು ಅಲ್ಲೇ ಬಿಟ್ಟು ಟಾರ್ಚ್ ಹಿಡಿದು ಮೇಜಿನ ಹಿಂದೆ ತೂರಿದ. ಡಬ್ಬದ ಬೆನ್ನಿನಲ್ಲಿ, ಮೇಲೆ ಆ ಚಿಕ್ಕ ಭಾಗದ ಒಂದು ಬಾಯಿ. ಪರದೆಯ ತಂತಿ ಅದರಲ್ಲಿತ್ತು. ಕೆಳಗೆ, ದೊಡ್ಡ ಕಾರ್ಡಿನ ಮೂರು ಬಾಯಿ. ಮೂರಕ್ಕೂ ನೀಟಾಗಿ ಕತ್ತರಿಸಿ ಒತ್ತಿದ ನೀಲಿ ರಬ್ಬರ್ ಬಿರಡೆ.

ಆ ಕತ್ತರಿಸಿದ ಅಂಚು ಯಾರದೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ಬಣ್ಣ ಬಳಿಸಿದ ಮೇಲೆ ಮೇಜನ್ನು ವಾಪಸು ಇಟ್ಟವನು ಅವನೇ. ಅಂದು ತಂತಿ ಕೈಗೆ ಸಿಕ್ಕ ಮೇಲಿನ ಬಾಯಿಗೆ ಕೂತಿತ್ತು, ಚಿತ್ರವೂ ಬಂದಿತ್ತು. ಉಳಿದ ಬಾಯಿಗಳು ತೆರೆದಿದ್ದವು, ಜಿರಲೆ ಹೋದೀತು ಎಂದು ಬಿರಡೆ ಒತ್ತಿದ್ದ.

ಅವನು ಅಲ್ಲೇ, ಮೇಜಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಯೋಚಿಸಿದ. ಸುಮ್ಮನಿದ್ದರೂ ನಡೆಯುತ್ತದೆ. ಅತ್ತೆ ಹೊಸ ಕಾರ್ಡು ತರುತ್ತಾರೆ, ಕೂರಿಸುವವನು ತಾನೇ. ಆಗ ತಂತಿಯನ್ನು ಸರಿಯಾದ ಬಾಯಿಗೆ ಸಿಕ್ಕಿಸಿದರೆ ಬಸ್ಸು ಹಾರುತ್ತದೆ, ಎಲ್ಲರೂ ಕಾರ್ಡನ್ನು ಹೊಗಳುತ್ತಾರೆ, ತನ್ನ ಹೆಸರಿಗೆ ಒಂದು ಹನಿಯೂ ತಾಗುವುದಿಲ್ಲ. ಟಾರ್ಚಿನ ಬೆಳಕು ಡಬ್ಬದ ಪಕ್ಕಕ್ಕೆ ಬಿತ್ತು. ಹನ್ನೊಂದು ಸಹಿಗಳು, ಅದರಡಿ 'ಮುಂದಿನ ಬಸ್ಸು ನಿಮ್ಮದೇ'. ಆ ಜನ ದುಡ್ಡು ಕೂಡಿಸಿ ತಂದ ಕಾರ್ಡು ಒಂದು ತಪ್ಪೂ ಮಾಡದೆ ಗುಜರಿಗೆ ಹೋಗುವುದರಲ್ಲಿತ್ತು.

ಅಷ್ಟರಲ್ಲಿ ಅತ್ತೆ ಕೈಚೀಲ ಹಿಡಿದು, ಚಪ್ಪಲಿ ಮೆಟ್ಟಿ ಬಾಗಿಲಿಗೆ ಬಂದರು. "ಏನಾದ್ರೂ ಸಿಕ್ತಾ?"

ಅಳಿಯ ಹೊರಗೆ ಬಂದು, ಕಿತ್ತ ಮೂರು ಬಿರಡೆಗಳನ್ನು ಅಂಗೈಯಲ್ಲಿ ಚಾಚಿದ. "ಅಂಗಡಿಗೆ ಹೋಗ್ಬೇಡಿ ಅತ್ತೆ. ಕಟ್ಕೊಂಡಿದ್ದು ಇಲ್ಲೇ. ಕಟ್ಟಿದ್ದು ನಾನೇ."

ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಮೂರು ತಿಂಗಳು ಸಾಲಿನ ಬಾಲದಲ್ಲಿ ಹೊಗೆ ಕುಡಿದದ್ದು ಈ ಚೂರಿನ ದೆಸೆಯಿಂದ. ಅತ್ತೆ ಚೀಲ ಕೆಳಗಿಟ್ಟರು.

"ಕೆಲಸಕ್ಕೆ ಸೇರಿದ ಮೊದಲನೇ ವರ್ಷ ಒಂದಿನ ಹ್ಯಾಂಡ್‌ಬ್ರೇಕ್ ಇಳಿಸ್ದೇನೇ ಒಂಬತ್ತು ಸ್ಟಾಪ್ ಓಡಿಸಿದ್ದೆ. ಇಂಜಿನ್ ಸರಿ ಇಲ್ಲ ಅಂತ ಮೆಕ್ಯಾನಿಕ್ಕಿಗೆ ಬೈದು, ಅವನು ಇಂಜಿನ್ ಬಿಚ್ಚೋವರೆಗೂ ಸುಮ್ನಿದ್ದೆ. ಇವತ್ತಿಗೂ ಅವನಿಗೆ ಹೇಳಿಲ್ಲ. ನೀವು ಹೇಳಿದ್ರಲ್ಲ, ಸಾಕು ಬಿಡಿ. ತಂತಿ ಸಿಕ್ಕಿಸಿ, ನೋಡೋಣ."

ತಂತಿ ಕೆಳಗಿನ ಬಾಯಿಗೆ ಹೋಯಿತು. ಪರದೆ ಕಣ್ಣು ಬಿಟ್ಟಿತು. ಅತ್ತೆ ಸ್ಟೇರಿಂಗ್ ಹಿಡಿದು ಕೂತವರು ಮೂಲೆಯ ಅಂಕಿಯನ್ನು ನೋಡಿ ಹಾಗೇ ತಿರುಗಿದರು. ಸೊನ್ನೆ ಇದ್ದಲ್ಲಿ ಒಂದು ಇತ್ತು.

"ಯಾರ ಕೆಲಸ ಇದು?"

ಅವನಲ್ಲಿದ್ದ ಧೈರ್ಯವೆಲ್ಲ ಬಿರಡೆಯ ವಿಷಯ ಹೇಳುವುದರಲ್ಲೇ ಖರ್ಚಾಗಿತ್ತು. ಕಣಿವೆ ಎಂಬ ಒಂದೇ ಪದ ಹೊರಬಂತು.

ಬಿರಡೆಯನ್ನು ಒಂದೇ ಮಾತಿಗೆ ಮನ್ನಿಸಿದ ಅತ್ತೆ ಆ ಕಣಿವೆಯನ್ನು ಮನ್ನಿಸಲಿಲ್ಲ. ಇಪ್ಪತ್ತೆಂಟು ವರ್ಷ ಒಂದು ನಾಯಿಮರಿಗೂ ತಾಗಿಸದ ಕೈಗೆ ನಲವತ್ತೆರಡು ಜನರ ಪಾಪ ಅಂಟಿಸಿದಿರಿ ಎಂದು ರಾತ್ರಿ ಊಟಕ್ಕೆ ಕೂತಾಗಲೂ ಹೇಳಿದರು. ರ‍್ಯಾಮಿನಲ್ಲಿ ಜಾಗವಿತ್ತು ಎಂದು ತಿಳಿದ ಹೆಂಡತಿಯೂ ತಾಯಿಯ ಪಕ್ಷ ಸೇರಿಕೊಂಡಳು.

ಭಾನುವಾರ ನಾಲ್ಕಕ್ಕೆ ಬೆಟ್ಟದ ಬುಡದಲ್ಲಿ ಐದು ಬಸ್ಸು ಸಾಲಾಗಿ ನಿಂತವು. ಅತ್ತೆಯ ಹೆಸರಿನ ಎದುರು ಅಪಘಾತ ಒಂದು ಎಂದಿರುವುದನ್ನು ಮೀಸೆ ಮೊದಲೇ ಗುರುತಿಸಿ ವಿನಯದಿಂದ ವಿಚಾರಿಸಿದ. ಅಳಿಯ ಓಡಿಸಿದ್ದು ಎಂದು ಅತ್ತೆ ಗಟ್ಟಿಯಾಗಿ ಸಾರಿದರು. ನಾಲ್ಕೂ ಬಸ್ಸಿನಿಂದ ನಗು ಕೇಳಿತು. ಆಮೇಲೆ ಬಸ್ಸುಗಳು ಹೊರಟವು. ಮೂರನೇ ತಿರುವು ಬಂತು. ಅಳಿಯ ಕುರ್ಚಿಯ ಹಿಂದೆ ನಿಂತಿದ್ದ. ಅತ್ತೆಯ ಬಸ್ಸು ಎಣ್ಣೆ ಹಚ್ಚಿದ ಹಾಗೆ ಜಾರಿ ತಿರುಗಿ, ಉಳಿದ ನಾಲ್ಕನ್ನೂ ಹಿಂದೆ ಹಾಕಿ ಮೇಲಕ್ಕೆ ಹೋಯಿತು. ಆರನೇ ತಿರುವಿನ ಹೊತ್ತಿಗೆ ಮೀಸೆ ಕನ್ನಡಿಯಲ್ಲಿ ಚುಕ್ಕೆಯಾಗಿದ್ದ.

ಯಾವ ಭಾಗ ಹಾಕಿಸಿದಿರಿ ಅಕ್ಕಾ ಎಂದು ಅವನು ಎರಡು ಸಲ ಕೇಳಿದ. ಅತ್ತೆ ಅಳಿಯನ ಕಡೆ ಒಮ್ಮೆ ನೋಡಿ, ಅದು ಅಂಗಡಿಯಲ್ಲಿ ಸಿಗುವ ಮಾಲಲ್ಲ ಎಂದರು. ಮುಂದಿನ ದಾರಿ ಖಾಲಿಯಿತ್ತು. ಅವರು ಗೇರು ಬದಲಾಯಿಸುತ್ತ, ಹಳೆಯ ಕಂಡಕ್ಟರಿಗೆ ಹೇಳುತ್ತಿದ್ದ ಹಾಗೇ ಹೇಳಿದರು: "ಅಳಿಯಂದ್ರೇ, ಹಿಂದಿನ ಬಾಗಿಲು ತೆಗೆದಿದೆಯಾ ನೋಡಿ."

ಅಳಿಯ ಪರದೆಯ ಕಡೆಗಲ್ಲ, ತನ್ನ ಬೆನ್ನ ಹಿಂದೆ ತಿರುಗಿ ನೋಡಿದ. ಕೋಣೆಯ ಬಾಗಿಲು ತೆರೆದಿತ್ತು. ಹೋಗಿ ಗಟ್ಟಿಯಾಗಿ ಮುಚ್ಚಿ ಬಂದ.