ತಾರಸಿಯ ಮೇಲೆ ಮಡಲು

"ಆ ಫ್ಯಾನ್ ನಿಲ್ಲಿಸು" ಎಂದಳು ಆಸ್ಯಮ್ಮ. "ಒಲೆಯ ಬಿಸಿಯನ್ನು ತಂದು ಮುಖಕ್ಕೆ ಹೊಡೀತದೆ ಅದು."

ಬಾಣಂತಿ ಮಗಳು ಲೈಲಾ ಮಂಚದಿಂದಲೇ ಕೈಚಾಚಿ ಗುಂಡಿ ಒತ್ತಿದಳು. ಪಕ್ಕದಲ್ಲಿ ಮಲಗಿದ್ದ ಮಗುವಿಗೆ ಇಪ್ಪತ್ತೆರಡು ದಿನ. ಕತ್ತಿನ ಸುತ್ತ, ಕಂಕುಳ ಸಂದಿಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಬೆವರುಸಾಲೆ ಎದ್ದಿತ್ತು. ಬೆಳಿಗ್ಗೆಯಿಂದ ಮೂರು ಸಲ ಮೊಲೆಗೆ ಹಿಡಿದರೂ ಎರಡು ಗುಟುಕು ಎಳೆದು ಬಾಯಿ ಬಿಟ್ಟಿತ್ತು. ಈಗ ಅಳುವುದನ್ನೂ ನಿಲ್ಲಿಸಿತ್ತು. ಆಸ್ಯಮ್ಮನಿಗೆ ಹೆದರಿಕೆಯಾದದ್ದು ಅದಕ್ಕೇ. ಏಳು ಹೆತ್ತು ಮೂರನ್ನು ಮಣ್ಣಿಗೆ ಕೊಟ್ಟವಳು ಅವಳು. ಅಳುವ ಮಗುವಿಗೆ ಹೆದರಬೇಕಾಗಿಲ್ಲ, ಸುಮ್ಮನಾದ ಮಗುವಿಗೆ ಹೆದರಬೇಕು ಎಂದು ಅವಳಿಗೆ ಗೊತ್ತಿತ್ತು.

ಆ ಕೋಣೆ ಅವಳ ಗಂಡ ಆದಂ ಕುಂಞಿಯ ಹೆಮ್ಮೆ. ಮರದ ವ್ಯಾಪಾರ ಕೈಹಿಡಿದ ವರ್ಷ, ಮಗಳ ಮದುವೆಗೆ ಮುಂಚೆ, ಹಂಚಿನ ಮನೆಯ ಮುಂದಕ್ಕೆ ಸಿಮೆಂಟಿನ ತಾರಸಿಯ ಕೋಣೆಯೊಂದನ್ನು ಕಟ್ಟಿಸಿದ್ದ. ಅಳಿಯ ರವೂಫ್ ಬಂದರೆ ಉಳಿಯುವ ಕೋಣೆ ಅದು. ಪುತ್ತೂರಿನ ದರ್ಬೆಯ ಆ ಸಾಲಿನಲ್ಲಿ ತಾರಸಿ ಎಂದರೆ ಅದೊಂದೇ. ಪಶ್ಚಿಮದ ಬಿಸಿಲಿಗೆ ಕಾದ ಸಿಮೆಂಟು ರಾತ್ರಿ ಹತ್ತಾದರೂ ಆರುತ್ತಿರಲಿಲ್ಲ. ಕಿಟಕಿ ರಸ್ತೆಗಿದ್ದುದರಿಂದ, ಬಾಣಂತಿ ಇದ್ದಾಳೆಂದು ಅದನ್ನೂ ಮುಚ್ಚಿದ್ದರು. ಹಿಂದಿನ ಹಂಚಿನ ಕೋಣೆಗಳಲ್ಲಾದರೋ ಬೆಳಗಿನ ಜಾವಕ್ಕೆ ಕಂಬಳಿ ಬೇಕಾಗುತ್ತಿತ್ತು.

"ನಿಮ್ಮ ಮನೇಲಿ ಬಸ್ಸು ಹತ್ತದೆಯೇ ಸಂಪಾಜೆ ಘಾಟಿ ಹತ್ತಿ ಇಳಿದ ಹಾಗೆ ಆಗ್ತದೆ ಮಾರಾಯ್ತಿ" ಎಂದು ಬಾಣಂತಿಯನ್ನು ಮೀಯಿಸಲು ಬರುವ ಕದೀಜಮ್ಮ ದಿನಾ ಹೇಳುವುದಿತ್ತು. "ಹಿಂದೆ ಮಡಿಕೇರಿ, ಮುಂದೆ ಭತ್ತ ಬೇಯಿಸುವ ಒಲೆ."

ನಿನ್ನೆ ಆಸ್ಯಮ್ಮ ಮಗಳ ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದ್ದಳು. ಸಂಜೆ ಗಂಡ ಬಂದು, ತನ್ನ ಮರದ ಡಿಪೋದ ಇಬ್ಬರು ಆಳುಗಳನ್ನು ಕರೆಸಿ, ಅದನ್ನು ಮತ್ತೆ ಮುಂದಕ್ಕೆ ಹೊರಿಸಿದ್ದ. ಅಳಿಯನಿಗೆ ಕೊಟ್ಟ ಕೋಣೆಯಿಂದ ಮಗಳ ಮಂಚ ಹೊರಗೆ ಬಂದರೆ ಸಂಬಂಧವೇ ಸಡಿಲವಾಯಿತೆಂದು ಆಡಿಕೊಳ್ಳುವ ಬಾಯಿಗಳು ಊರಲ್ಲಿ ಬೇಕಾದಷ್ಟಿದ್ದವು. ಇಂದು ಊಟಕ್ಕೆ ಬಂದಾಗಲೂ ಅವನು ಅದನ್ನೇ ಹೇಳಿದ.

"ಮಗುವಿನ ನಲವತ್ತನೇ ದಿನಕ್ಕೆ ರವೂಫನ ಮನೆಯವರೆಲ್ಲ ಬರ್ತಾರೆ. ಸೊಸೆಯನ್ನು ಕಟ್ಟಿಗೆ ರಾಶಿಯ ಪಕ್ಕ ಮಲಗಿಸಿದ್ದೀರಾ ಅಂತ ಕೇಳಿದ್ರೆ ಎಂತ ಹೇಳುದು?"

"ನಲವತ್ತಕ್ಕೆ ಇನ್ನೂ ಹದಿನೆಂಟು ದಿನ ಉಂಟು. ಅಷ್ಟರವರೆಗೆ ಮಗು ಬೇಕಲ್ಲ?"

"ಫ್ಯಾನ್ ತಂದು ಕೊಟ್ಟಿದ್ದೇನಲ್ಲ! ಪುತ್ತೂರಲ್ಲಿ ಎಷ್ಟು ಬಾಣಂತಿಯರಿಗೆ ಫ್ಯಾನ್ ಉಂಟು?"

"ಹಾಗಾದ್ರೆ ಮೇಲೆ ಮಡಲಾದರೂ ಹಾಸಿಸಿ."

ಆದಂ ಕುಂಞಿ ಕೈಯ ತುತ್ತನ್ನು ಬಟ್ಟಲಿಗೆ ಎಸೆದು ಎದ್ದ. "ಗುಡಿಸಲಿಗೆ ಹಾಕುವ ತೆಂಗಿನ ಗರಿಯನ್ನು ನನ್ನ ತಾರಸಿಗೆ? ತಲೆ ಸರಿ ಉಂಟಾ ನಿನಗೆ?" ಅವನು ಚಪ್ಪಲಿ ಮೆಟ್ಟಿಕೊಂಡು ಡಿಪೋಗೆ ಹೊರಟುಹೋದ.

ಮಗು ಅಳು ನಿಲ್ಲಿಸಿದ್ದು ಅದಾದ ಮೇಲೆ. ಆಸ್ಯಮ್ಮ ಇನ್ನು ಯಾರನ್ನೂ ಕೇಳಲಿಲ್ಲ. ತಲೆಯ ಮೇಲೆ ಬಟ್ಟೆ ಎಳೆದುಕೊಂಡು ಹಿತ್ತಿಲ ಬೇಲಿ ದಾಟಿ ವೆಂಕಪ್ಪನ ಮನೆಗೆ ನಡೆದಳು. ಊರ ಮನೆಗಳ ಮಾಡಿಗೆಲ್ಲ ಮಡಲು ಹೊದಿಸುವವನು ಅವನೇ. ಮಳೆಗಾಲಕ್ಕೆಂದು ನೇಯ್ದಿಟ್ಟ ಮಡಲು ಅವನ ಅಂಗಳದಲ್ಲಿ ಎದೆಯೆತ್ತರಕ್ಕಿತ್ತು.

"ಸಾಹುಕಾರ್ರಿಗೆ ಗೊತ್ತುಂಟಾ?" ವೆಂಕಪ್ಪ ತಲೆ ಕೆರೆದುಕೊಂಡ.

"ನೀನು ಹಾಸು. ಗೊತ್ತು ಮಾಡುದು ನಾನು."

ವೆಂಕಪ್ಪ ಏಣಿ ಇಟ್ಟು, ಚಪ್ಪಲಿ ಮೆಟ್ಟಿಕೊಂಡೇ ಹತ್ತಿ, ಆಚೆ ತುದಿಯಿಂದ ಹಾಸುತ್ತ ಬಂದ. ಉಳಿದ ಮಡಲನ್ನು ಹಾಸಿದ್ದರ ಮೇಲೆಯೇ ರಾಶಿ ಹಾಕಿಕೊಂಡಿದ್ದ. ಅರ್ಧ ಮುಗಿಯುವಷ್ಟರಲ್ಲಿ ಆದಂ ಕುಂಞಿ ಚಹಾಕ್ಕೆಂದು ಬಂದ. ಗೇಟಿನಿಂದಲೇ ಬೊಬ್ಬೆ ಹೊಡೆದ.

"ಯಾರು ಹೇಳಿದ್ದು ನಿನಗೆ? ಇಳಿ! ಇಳಿ ಕೆಳಗೆ!"

ವೆಂಕಪ್ಪ ಏಣಿಯಲ್ಲಿ ಜಾರಿದಂತೆ ಇಳಿದು, "ನನಗೆಂತ ಸಾಹುಕಾರ್ರೆ, ನೀವು ನೀವು ಮಾತಾಡಿ" ಎಂದು ಹಲಸಿನ ಮರದಡಿ ಹೋಗಿ ಎಲೆಯಡಿಕೆಯ ಚೀಲ ಬಿಚ್ಚಿದ.

"ನಾನು ಹೇಳಿದ್ದು" ಎಂದಳು ಆಸ್ಯಮ್ಮ, ಬಾಗಿಲಲ್ಲಿ ನಿಂತು.

"ಕೋಳಿಗೂಡು ಮಾಡಿದ್ದೀಯಲ್ಲ ಮನೆಯನ್ನು!"

"ಕೋಳಿಗೂಡಲ್ಲಿ ಮರಿ ಬದುಕ್ತದೆ. ನಿಮ್ಮ ತಾರಸಿಯಡಿ ಬದುಕುದಿಲ್ಲ. ಒಳಗೆ ಬಂದು ನೋಡಿ."

ಅವನು ಒಳಗೆ ಬರಲಿಲ್ಲ. ಬಾಣಂತಿಯ ಕೋಣೆಗೆ ಗಂಡಸು ಹೋಗುವುದುಂಟೇ ಎಂಬ ನೆವ ಅವನಿಗೆ ಮೊದಲಿನಿಂದಲೂ ಇತ್ತು. ಮೂವತ್ತು ವರ್ಷದ ಅಭ್ಯಾಸದಂತೆ ಚಪ್ಪಲಿಯನ್ನು ಮೆಟ್ಟಿಲ ಬಳಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, "ಒಂದೊಂದನ್ನೂ ಎಳೆದು ರಸ್ತೆಗೆ ಬಿಸಾಡ್ತೇನೆ" ಎನ್ನುತ್ತ ಏಣಿ ಹತ್ತಿದ. ಸಂಜೆ ಗಾಳಿಗೆಂದು ಮೇಲೆ ಹೋಗಿ ರಸ್ತೆ ನೋಡುತ್ತ ನಿಲ್ಲುವವನು ಅವನು. ಬಿಸಿಲಲ್ಲಿ ಹತ್ತಿದ್ದೇ ಇಲ್ಲ.

ಏಣಿಯ ಬಳಿ ಇನ್ನೂ ಬರೀ ಸಿಮೆಂಟು. ಮೊದಲ ಹೆಜ್ಜೆಗೆ ಅವನ ಬಾಯಿಂದ ಬಂದದ್ದು ಮಾತಲ್ಲ. ಎರಡನೆಯದಕ್ಕೆ ಹಾರಿದ. ಎಂಟು ಹತ್ತು ಹಾರುಗಳಲ್ಲಿ ಆಚೆಯ ಮಡಲಿನ ಮೇಲೆ ಹೋಗಿ ಬಿದ್ದು, ಪಾದಗಳೆರಡನ್ನೂ ಕೈಯಲ್ಲಿ ಹಿಡಿದುಕೊಂಡು ಕೂತ.

"ಯಾ ಅಲ್ಲಾ! ಚಪ್ಪಲಿ ಎಸೆಯೇ!"

ಆಸ್ಯಮ್ಮ ಅಂಗಳಕ್ಕಿಳಿದಳು. ಚಪ್ಪಲಿಯತ್ತ ನೋಡಲೇ ಇಲ್ಲ. ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಯಿಂದ ಬಿಡಿಸಿ, ನೆಲಕ್ಕೆ ಮಲಗಿಸಿದಳು.

"ಎಂತ ಮಾಡ್ತಿದ್ದೀ? ಹುಚ್ಚು ಹಿಡಿದಿದೆಯಾ?"

"ಅಲ್ಲೇ ಇರಿ. ನೀವು ಕಾಲು ಎತ್ತಿ ಓಡಿದ್ರಿ. ಆ ಮಗುವಿಗೆ ಓಡ್ಲಿಕ್ಕೆ ಕಾಲು ಬಂದಿಲ್ಲ ಇನ್ನೂ."

ರಸ್ತೆಯಲ್ಲಿ ಇಬ್ಬರು ಸೈಕಲ್ಲು ನಿಲ್ಲಿಸಿ ನೋಡುತ್ತಿದ್ದರು. ಆದಂ ಕುಂಞಿ ಅವರನ್ನು ಕಂಡು ಬೈಗುಳವನ್ನು ನುಂಗಿಕೊಂಡ. ಹೆಂಡತಿ ಒಳಗೆ ಹೋಗಿ ಬಾಗಿಲು ದೂಡಿಕೊಂಡಳು.

ಒಳಗೆ ಕದೀಜಮ್ಮ ಒದ್ದೆ ಬಟ್ಟೆಯಿಂದ ಮಗುವಿನ ಮೈ ಒರೆಸುತ್ತಿದ್ದಳು. ಲೈಲಾ ಮೇಲೆ ನೋಡುತ್ತ, "ಉಮ್ಮಾ, ಬಾಪ ಬೀಳ್ತಾರೋ ಎಂತದೋ" ಎಂದಳು.

"ಬೀಳುದಿಲ್ಲ. ನೀನು ಹಾಲು ಕೊಟ್ಟು ನೋಡು."

ಬಹಳ ಹೊತ್ತಾದ ಮೇಲೆ ತಾರಸಿಯಿಂದ ಒಣ ಗರಿಯನ್ನು ಸಿಮೆಂಟಿನ ಮೇಲೆ ಎಳೆದ ಸದ್ದು ಬಂತು. ತುಸು ಬಿಟ್ಟು ಇನ್ನೊಂದು. ಒಂದು ಹಾಸಿ, ಅದರ ಮೇಲೆ ಕಾಲಿಟ್ಟು, ಮತ್ತೊಂದು ಹಾಸುತ್ತ ಸದ್ದು ಏಣಿಯಿದ್ದ ಬದಿಗೆ ಬರುತ್ತಿತ್ತು. ಹಲಸಿನ ಮರದಡಿಯಿಂದ ವೆಂಕಪ್ಪ, "ಮಡಲಿನ ತಲೆ ಬದಿ ಮೇಲೆ ಬರ್ಲಿ ಸಾಹುಕಾರ್ರೆ, ಗಾಳಿಗೆ ಹಾರ್ತದೆ" ಎಂದು ಕೂಗಿದ.

ಬಿಸಿಲು ಓರೆಯಾದ ಮೇಲೆ ಕರೆ ಕೇಳಿಸಿತು.

"ಆಸ್ಯಾ, ಒಂದು ಕೊಡ ನೀರು."

ಅವಳು ಬಾಗಿಲು ತೆರೆದು ಮೇಲೆ ನೋಡಿದಳು. ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮುಖ ಕೆಂಪಾಗಿತ್ತು. "ಕುಡೀಲಿಕ್ಕಾ, ಹೊಯ್ಲಿಕ್ಕಾ?"

ಅವನು ರಸ್ತೆಯ ಕಡೆ ನೋಡಿದ. "ಹೊಯ್ಲಿಕ್ಕೆ."

ಆಸ್ಯಮ್ಮ ವೆಂಕಪ್ಪನಿಗೆ ಕಣ್ಣಲ್ಲೇ ಏಣಿ ತೋರಿಸಿ, ಬಾವಿಗೆ ಹೋಗಿ ನೀರು ಸೇದಿದಳು. ಒಂದಲ್ಲ, ಹನ್ನೊಂದು ಕೊಡ ಮೇಲೆ ಹೋಯಿತು. ಮಡಲಿನಡಿಯಿಂದ ಬಸಿದ ನೀರು ತಾರಸಿಯ ಮೂಲೆಯ ಕೊಳವೆಯಿಂದ ಅಂಗಳಕ್ಕೆ ಬೀಳತೊಡಗಿತು. ಕದೀಜಮ್ಮ ಹೊರಗೆ ಬಂದು ಅದಕ್ಕೆ ಕೈಯೊಡ್ಡಿ, ಬಿಸಿ ತಗಲಿ ಥಟ್ಟನೆ ಎಳೆದುಕೊಂಡಳು. ಕೆಳಗೆ ಹೆಕ್ಕುತ್ತಿದ್ದ ಹೇಂಟೆಯೊಂದು ಆ ನೀರಿಗೆ ಕಾಲಿಟ್ಟು, ಕೊಕ್ಕೊಕ್ಕೆನ್ನುತ್ತ ಬೇಲಿಯತ್ತ ಓಡಿತು.